ಹಾರುಬೂದಿಗೆ ಎಕ್ಸ್‌ಆರ್‌ಎಫ್ ರಿಪೋರ್ಟ್, ಸೆಮ್ ಫೋಟೊ ಎರಡೇ ಸಾಕಾ?

ಹಾರುಬೂದಿಯ (ಕಲ್ಲಿದ್ದಲು ಉರಿಸಿದಾಗ ಹೊಗೆ ಜೊತೆ ಬರೋ ನುಣುಪು ಬೂದಿ) ಎಕ್ಸ್‌ಆರ್‌ಎಫ್‌ನಲ್ಲಿ, ಅಂದರೆ ಯಾವ ಧಾತು ಎಷ್ಟಿದೆ ಅಂತ ಎಕ್ಸ್‌ರೇಯಿಂದ ಅಳೆಯೋ ಪರೀಕ್ಷೆಯಲ್ಲಿ, ಸಿಲಿಕಾ, ಅಲ್ಯೂಮಿನಾ, ಕಬ್ಬಿಣ ಸೇರಿ ನೂರಕ್ಕೆ 90 ದಾಟಿದೆ, ಇನ್ನು ಸೆಮ್ (ಎಲೆಕ್ಟ್ರಾನ್ ಮೈಕ್ರೊಸ್ಕೋಪ್) ಫೋಟೊ ತೆಗೆಸಿ ಜಿಯೊಪಾಲಿಮರ್ (ಸಿಮೆಂಟ್ ಬದಲು ಬೂದಿಯನ್ನು ಕ್ಷಾರದಲ್ಲಿ ಗಟ್ಟಿ ಮಾಡೋದು) ಮಿಕ್ಸ್ ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಎಂ.ಟೆಕ್ ಎರಡನೇ ವರ್ಷದಲ್ಲಿ ನಾನು ಮಾಡಿದ್ದು ಅದನ್ನೇ.

ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಎರಡು ಚೀಲ ಬೂದಿ ತಂದಿದ್ದೆ. ಬೆರಳಲ್ಲಿ ಉಜ್ಜಿದರೆ ಮುಖದ ಪೌಡರ್ ಥರ ಜಾರುತ್ತಿತ್ತು. ರಿಪೋರ್ಟ್‌ನಲ್ಲಿ ಸಿಲಿಕಾ 61, ಅಲ್ಯೂಮಿನಾ 27. ಸೋಡಿಯಂ ಹಾಕೋದು ಅಲ್ಯೂಮಿನಾ ಲೆಕ್ಕಕ್ಕೆ, ಹಾಗಾಗಿ ಆ 27ಕ್ಕೆ ಎಷ್ಟು ಸೋಡಿಯಂ ಬೇಕೋ ಅಷ್ಟನ್ನೂ ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟ್ ರೂಪದಲ್ಲಿ ಹಾಕಿ ಕ್ಯೂಬ್ ಹೊಯ್ದೆ, 60 ಡಿಗ್ರಿ ಓವನ್‌ನಲ್ಲಿ ಒಂದು ದಿನ ಇಟ್ಟೆ. ಅಚ್ಚಿನಿಂದ ಬಿಡಿಸಿದಾಗ ಚೆನ್ನಾಗೇ ಇದ್ದವು. ವಾರ ಕಳೆಯುವಷ್ಟರಲ್ಲಿ ಮೈತುಂಬ ಬೂಷ್ಟು ಹಿಡಿದ ಹಾಗೆ ಬಿಳಿ ಎಳೆಗಳು ಎದ್ದವು. ಮೂಲೆಯನ್ನು ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ನೀರು ಸರಿಯಿಲ್ಲ, ಓವನ್ ಸರಿಯಿಲ್ಲ, ಸೋಡಿಯಂ ಸಿಲಿಕೇಟ್ ಹಳೇದು ಅಂತ ನಾಲ್ಕು ತಿಂಗಳು ಕಳೆದೆ.

ತಪ್ಪು ಲೆಕ್ಕದಲ್ಲೇ ಇತ್ತು. ಎಕ್ಸ್‌ಆರ್‌ಎಫ್ ಬೂದಿಯಲ್ಲಿ ಎಷ್ಟು ಸಿಲಿಕಾನ್ ಇದೆ ಅಂತ ಮಾತ್ರ ಹೇಳುತ್ತೆ. ಅದು ಯಾವ ರೂಪದಲ್ಲಿದೆ ಅಂತ ಹೇಳಲ್ಲ. ಮರಳಿನಲ್ಲಿರೋದೂ ಸಿಲಿಕಾ, ಗಾಜಿನಲ್ಲಿರೋದೂ ಸಿಲಿಕಾ, ರಿಪೋರ್ಟ್‌ನಲ್ಲಿ ಎರಡೂ ಒಂದೇ ಸಾಲು. ಆದರೆ ಕಾಸ್ಟಿಕ್ ಸೋಡಾದಲ್ಲಿ ಕರಗೋದು ಬೂದಿಯೊಳಗಿನ ಗಾಜು, ಅಂದರೆ ಹರಳಾಗದ ಭಾಗ ಮಾತ್ರ. ಕ್ವಾರ್ಟ್ಜ್ (ಮರಳಿನಲ್ಲಿರೋ ಸಿಲಿಕಾ) ಮತ್ತು ಮುಲೈಟ್ (ಅಲ್ಯೂಮಿನಾ, ಸಿಲಿಕಾ ಸೇರಿದ್ದು) ಹರಳುಗಳು ಹಾಗೇ ಕೂತಿರುತ್ತವೆ. ನಮ್ಮ ಕಲ್ಲಿದ್ದಲಿನ ಬೂದಿಯಲ್ಲಿ ಇವು ಜಾಸ್ತಿ.

ಕೊನೆಗೆ ಎಕ್ಸ್‌ಆರ್‌ಡಿ, ಅಂದರೆ ಯಾವ ಹರಳು ಎಷ್ಟಿದೆ ಅಂತ ತೋರಿಸೋ ಎಕ್ಸ್‌ರೇ ಪರೀಕ್ಷೆ ಮಾಡಿಸಿದೆ. ಕ್ವಾರ್ಟ್ಜ್ 20, ಮುಲೈಟ್ 25 ಬಂತು. ಮುಲೈಟ್‌ನ ತೂಕದಲ್ಲಿ ಸುಮಾರು 72 ಭಾಗ ಅಲ್ಯೂಮಿನಾನೇ. ಅಂದರೆ ನನ್ನ 27ರಲ್ಲಿ 18 ಅದರೊಳಗೇ ಸಿಕ್ಕಿಕೊಂಡಿತ್ತು, ಕೈಗೆ ಸಿಗೋದು 9. ನಾನು ಹಾಕಿದ್ದು ಮೂರು ಪಟ್ಟು ಸೋಡಿಯಂ! ಕೆಲಸವಿಲ್ಲದೆ ಉಳಿದ ಆ ಸೋಡಿಯಂ ಹೊರಗೆ ಬಂದು, ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಎಳೆಯಾಗಿ ಬೆಳೆದಿತ್ತು.

ಸಿಲಿಕಾ, ಅಲ್ಯೂಮಿನಾ, ಕಬ್ಬಿಣ ಮೂರೂ ಸೇರಿ 70 ದಾಟಿದರೆ ಬೂದಿ ಒಳ್ಳೇದು ಅಂತ ನಿಮಗೆ ಯಾರೋ ಹೇಳಿರಬಹುದು. ಅದು ಹಾರುಬೂದಿಯ ಭಾರತೀಯ ಮಾನದಂಡ ಐಎಸ್ 3812ರ ಮಾತು, ಸಿಮೆಂಟ್ ಜೊತೆ ಬೆರೆಸೋರಿಗೆ. ನಿಮ್ಮ ಕೆಲಸಕ್ಕೆ ಅದು ಏನನ್ನೂ ಹೇಳಲ್ಲ.

ಸೆಮ್‌ಗೆ ಇಟ್ಟಿರೋ ದುಡ್ಡನ್ನು ಎಕ್ಸ್‌ಆರ್‌ಡಿಗೆ ಹಾಕಿ. ಸೆಮ್‌ನಲ್ಲಿ ದುಂಡು ದುಂಡು ಗೋಲಿಗಳು ಕಾಣುತ್ತವೆ, ಚಂದವೇ. ಆದರೆ ಮುಲೈಟ್ ಸೂಜಿಗಳು ಆ ಗೋಲಿಯ ಒಳಗೆ, ಗಾಜಿನಲ್ಲಿ ಹುದುಗಿರುತ್ತವೆ. ಮೇಲಿಂದ ಎಷ್ಟು ಫೋಟೊ ತೆಗೆದರೂ ಎಷ್ಟಿದೆ ಅಂತ ತಿಳಿಯಲ್ಲ.

ಎಕ್ಸ್‌ಆರ್‌ಡಿಗೆ ಕಳಿಸುವಾಗ ತೂಕ ಗೊತ್ತಿರೋ ಶುದ್ಧ ಕೊರಂಡಮ್ (ಅಲ್ಯೂಮಿನಾದ ಹರಳು) ಪುಡಿಯನ್ನು ಬೂದಿಗೆ ಬೆರೆಸಿ ಕಳಿಸಿ, ನಾನು ನೂರಕ್ಕೆ ಹತ್ತು ಬೆರೆಸಿದ್ದೆ. ಇಲ್ಲದಿದ್ದರೆ ಸಾಫ್ಟ್‌ವೇರ್ ಹರಳುಗಳನ್ನಷ್ಟೇ ನೂರಕ್ಕೆ ಹೊಂದಿಸುತ್ತೆ, ಗಾಜು ಲೆಕ್ಕಕ್ಕೇ ಬರಲ್ಲ. ಗ್ರಾಫ್‌ನಲ್ಲಿ 20ರಿಂದ 35 ಡಿಗ್ರಿ ಕೋನದ ನಡುವೆ ಗುಡ್ಡದ ಹಾಗೆ ಉಬ್ಬಿರುತ್ತಲ್ವಾ, ಅದೇ ಗಾಜು. ಮತ್ತೆ, ಬೂದಿಯನ್ನು ನೀರಲ್ಲಿ ಕಲಸಿ ಪೈಪಿನಲ್ಲಿ ಬಿಡೋ ಹೊಂಡದಿಂದ ಸ್ಯಾಂಪಲ್ ತರಬೇಡಿ, ಒಣಬೂದಿಯನ್ನೇ ಕೇಳಿ. ಹೊಂಡದಲ್ಲಿ ದಪ್ಪಕಣ ಪೈಪಿನ ಬಾಯಿ ಹತ್ತಿರವೇ ಕೂತುಬಿಡುತ್ತೆ, ಸಣ್ಣದು ದೂರ ಹೋಗುತ್ತೆ.

ಆಮೇಲೆ ಅದೇ ಚೀಲದಲ್ಲಿ ಉಳಿದಿದ್ದ ಬೂದಿಗೆ ಸೋಡಿಯಂ ಇಳಿಸಿ, ಕೊರತೆಯಿದ್ದ ಅಲ್ಯೂಮಿನಾಕ್ಕೆ ಸ್ವಲ್ಪ ಮೆಟಾಕಯೋಲಿನ್ (ಸುಟ್ಟ ಕಯೋಲಿನ್ ಜೇಡಿಮಣ್ಣು) ಸೇರಿಸಿ ಮತ್ತೆ ಹೊಯ್ದೆ. ಆ ಕ್ಯೂಬ್‌ಗಳ ಮೇಲೆ ಉಗುರು ಕೂರಲಿಲ್ಲ.