ಮಗ್ಗದ ಕುಣಿಯಿಂದಲೇ ಶುರು ಮಾಡಿ

ನಮಸ್ಕಾರ.

ನಿಮ್ಮ ‘ನಮ್ಮನೆಯ ಚಾಣಾಕ್ಷ ಬೆಕ್ಕು’ ಪ್ರಬಂಧ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕೋಕೆ ಆಗೋದಿಲ್ಲ. ವಾಪಸ್ ಕಳಿಸಿ ಕೈತೊಳೆದುಕೊಳ್ಳೋಕೂ ಮನಸ್ಸಿಲ್ಲ. ಅದಕ್ಕೆ ಕಾರಣ ನಿಮ್ಮ ಐದನೆಯ ಪ್ಯಾರಾ.

ಇಳಕಲ್ಲಿನ ಮನೆ. ಅವ್ವ ಕುಣಿ ಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದಾರೆ. ನೀವು ಕಂಡಿಕೆ, ಅಂದರೆ ನೂಲು ಸುತ್ತುವ ಪುಟ್ಟ ಕೊಳವೆ, ಎಸೆಯುತ್ತೀರಿ. ನಿಮ್ಮ ಬೆಕ್ಕು ಚಿನ್ನಿ ಓಡಿಹೋಗಿ ಕಚ್ಚಿ ತರುತ್ತದೆ. ಆಮೇಲೆ ನೀವು ಮೊಬೈಲ್ ಹಿಡಿದು ಕೂರುತ್ತೀರಿ. ಚಿನ್ನಿ ಸ್ವಲ್ಪ ಹೊತ್ತು ಕಾಯುತ್ತದೆ. ಆಮೇಲೆ ಕಂಡಿಕೆಯನ್ನು ಒಯ್ದು ನೇರ ಕುಣಿಯೊಳಗೆ, ಅವ್ವನ ಕಾಲ ಹತ್ತಿರ ಬೀಳಿಸುತ್ತದೆ. ಈಗ ಅವ್ವ ಲಾಳಿ ನಿಲ್ಲಿಸಲೇಬೇಕು, ಬಗ್ಗಲೇಬೇಕು, ಎತ್ತಿ ಆಚೆ ಎಸೆಯಲೇಬೇಕು. ಆಟ ಮತ್ತೆ ಶುರು! ಇದನ್ನು ನೀವು ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ಈಜಿಪ್ಟಿನವರು ಬೆಕ್ಕನ್ನು ಪೂಜಿಸುತ್ತಿದ್ದುದಕ್ಕೆ ಮಾತ್ರ ಒಂದು ಇಡೀ ಪುಟ. ಇಳಕಲ್ಲಿಗೆ ಬಂದ ಓದುಗರನ್ನು ಅಷ್ಟು ದೂರ ಯಾಕೆ ಸುತ್ತಿಸುತ್ತೀರಿ? ಆ ಪುಟ ಪೂರ್ತಿ ತೆಗೆಯಿರಿ.

‘ಚಿನ್ನಿ ಮನುಷ್ಯರಂತೆ ಯೋಚಿಸಿ ಉಪಾಯ ಹೂಡಿತು’ ಎಂದು ಬರೆದಿದ್ದೀರಿ. ನಿಮಗೆ ಹೇಗೆ ಗೊತ್ತು? ಅಮೆರಿಕದ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ್ದ. ಒಳಗಿನ ದಾರದ ಕುಣಿಕೆ ಎಳೆದರೆ ಬಾಗಿಲು ತೆರೆಯುತ್ತಿತ್ತು. ಮೊದಮೊದಲು ಬೆಕ್ಕು ಪರಚಾಡುವಾಗ ಆಕಸ್ಮಿಕವಾಗಿ ಕುಣಿಕೆ ಎಳೆದು ಹೊರಗೆ ಬರುತ್ತಿತ್ತು. ಹಲವು ಸಲ ಆದ ಮೇಲೆ ಒಳಗೆ ಬಿಟ್ಟ ಕೂಡಲೇ ಎಳೆಯುತ್ತಿತ್ತು. ಚಿನ್ನಿಯ ಕಂಡಿಕೆಯೂ ಮೊದಲ ಸಲ ತಾನಾಗೇ ಉರುಳಿ ಕುಣಿಗೆ ಬಿದ್ದಿರಬಹುದು, ಅಲ್ವಾ? ಹಾಗಿದ್ದರೂ ಅದರ ಜಾಣತನ ನನಗೇನೂ ಕಮ್ಮಿ ಅನ್ನಿಸೋದಿಲ್ಲ. ಆ ಮೊದಲ ಸಲ ಏನಾಯಿತು ಅಂತ ಬರೆಯಿರಿ. ಬೀಳಿಸಿದ ಮೇಲೆ ಚಿನ್ನಿ ಯಾರ ಮುಖ ನೋಡಿತು? ಅವ್ವನದೋ, ಕಂಡಿಕೆ ಹಾರಿ ಬರಬೇಕಾದ ಕಡೆಯೋ? ನಿಮ್ಮ ಬರಹದಲ್ಲಿ ಇದೇ ಇಲ್ಲ. ಥಾರ್ನ್‌ಡೈಕ್‌ನನ್ನು ಮಾತ್ರ ದಯವಿಟ್ಟು ಒಳಗೆ ತುರುಕಬೇಡಿ. ಈಜಿಪ್ಟಿನವರು ಹೋದ ಜಾಗಕ್ಕೆ ಅವನು ಬಂದು ಕೂರುತ್ತಾನೆ, ಅಷ್ಟೆ.

‘ತಂದುಕೊಡುವುದನ್ನು ನಾನೇ ಕಲಿಸಿದೆ’ ಎನ್ನುವ ಮಾತೂ ಅನುಮಾನ. 2023ರಲ್ಲಿ ಬ್ರಿಟನ್ನಿನ ಸಂಶೋಧಕರು, ಎಸೆದದ್ದನ್ನು ತಂದುಕೊಡುವ 1,154 ಬೆಕ್ಕುಗಳ ಬಗ್ಗೆ ಸಾಕಿದವರನ್ನು ಕೇಳಿದ್ದರು. ಶೇ. 94ರಷ್ಟು ಬೆಕ್ಕುಗಳು ಯಾರೂ ಕಲಿಸದೆ ತಾವಾಗೇ ಶುರು ಮಾಡಿದ್ದವು. ತಾವೇ ಆಟಕ್ಕೆ ಕರೆದಾಗ ಜಾಸ್ತಿ ಹುರುಪಿನಿಂದ ಆಡುತ್ತಿದ್ದವು. ನೆನಪು ಮಾಡಿಕೊಳ್ಳಿ, ಮೊದಲು ಕಂಡಿಕೆ ತಂದಿಟ್ಟವರು ಯಾರು?

ಇನ್ನೊಂದು. ಕಂಡಿಕೆ ಖಾಲಿ ಇತ್ತೋ, ನೂಲು ಸುತ್ತಿತ್ತೋ? ಹೇಳಿಲ್ಲ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುತ್ತವೆ. ನೂಲು ಬಾಯಿಗೆ ಹೋದರೆ ಉಗುಳುವುದು ಕಷ್ಟ. ಕರುಳಿಗೆ ಇಳಿದರೆ ಜೀವಕ್ಕೇ ಅಪಾಯ. ಓದಿದವರ ಮನೆ ಮಕ್ಕಳು ನಾಳೆ ಇದನ್ನೇ ಮಾಡುತ್ತಾರೆ. ಖಾಲಿ ಇದ್ದರೆ ಖಾಲಿ ಎಂದು ಬರೆಯಿರಿ. ನೂಲಿದ್ದರೆ ಆ ಆಟ ಇವತ್ತೇ ನಿಲ್ಲಿಸಿ, ಪ್ರಬಂಧ ಆಮೇಲೆ ನೋಡೋಣ.

ಅವ್ವನ ಮಾತು ನನಗೆ ಒಗ್ಗಲೇ ಇಲ್ಲ. ‘ಎಂಥ ಬುದ್ಧಿವಂತ ಪ್ರಾಣಿ ಇದು!’ ಅನ್ನುತ್ತಾರಂತೆ. ರೇಷ್ಮೆ ಸೆರಗಿನ ಎಳೆಗಳನ್ನು ಸೀರೆಯ ಎಳೆಗಳಿಗೆ ಕೂಡಿಸಿ ಕೊಂಡಿ ಹಾಕಿ ಸುಸ್ತಾದ ಹೆಂಗಸು ಹೀಗೆ ಮಾತಾಡ್ತಾಳಾ? ‘ಕೆಲಸ ಮಾಡಗೊಡವಲ್ದು ನೋಡ ಇದು’ ಅಂತ ಬೈದಿರಬೇಕು. ಬೈಯುತ್ತಲೇ ಕಂಡಿಕೆ ಎಸೆದಿರಬೇಕು. ಅವರು ನಿಜಕ್ಕೂ ಅಂದದ್ದೇನು ಅಂತ ಕೇಳಿ, ಹಾಗೇ ಹಾಕಿ.

ಕೊನೆಯ ಪ್ಯಾರಾದಲ್ಲಿ ಪ್ರಾಣಿಗಳಿಂದ ಮನುಷ್ಯ ಕಲಿಯಬೇಕಾದ ಪಾಠ ಹೇಳಿದ್ದೀರಿ. ಬೇಡ. ಉಳಿದದ್ದು ಎರಡು ಪುಟ ಆಗಬಹುದು, ಅಷ್ಟು ಸಾಕು. ದೀಪಾವಳಿ ಸಂಚಿಕೆಗೆ ಜಾಗ ತುಂಬಿದೆ, ಅವಸರ ಮಾಡಬೇಡಿ. ತಿದ್ದಿ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಚಿನ್ನಿಯ ಫೋಟೋ ಕಳಿಸುವುದಾದರೆ ಮಗ್ಗವೂ ಕಾಣುವಂಥದ್ದು ಕಳಿಸಿ.