ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದವರಿಗೆ

ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ ಮೀಸಲು. ಉಳಿದವರಿಗೆ ಚುಟುಕು ಉತ್ತರ. ಕಟ್ಟಡಕ್ಕೆ ಬಳಸುವುದು ಮೇಲ್ಮಣ್ಣನ್ನಲ್ಲ, ಅದರ ಕೆಳಗಿನ ಮಣ್ಣನ್ನು ಎಂಬುದು ಎಲ್ಲರಿಗೂ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ಸುಡದ ಮಣ್ಣಿನಿಟ್ಟಿಗೆಯ ಮನೆ. ಮಣ್ಣಿನ ಪ್ಲಾಸ್ಟರ್ ಪ್ರತಿ ಮಳೆಗಾಲದಲ್ಲೂ ಸವೆಯುತ್ತದೆಂದು ಹೊರಗೋಡೆಗೆ ತಂತಿ ಜಾಲರಿ ಹೊಡೆದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಬುಡದಲ್ಲಿ ಗೋಡೆ ಉಬ್ಬಿದೆ, ಒಳಗಡೆ ಬಿಳಿ ಉಪ್ಪು ಕಾಣಿಸುತ್ತಿದೆ. ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸರಿಹೋದೀತೇ?

ಹೊಡೆಯಬೇಡಿ. ಒಳಗೆ ಸಿಕ್ಕಿಬಿದ್ದ ನೀರಿಗೆ ಉಳಿದಿರುವ ಕೊನೆಯ ದಾರಿಯನ್ನೂ ಆ ಪೇಂಟ್ ಮುಚ್ಚಿಬಿಡುತ್ತದೆ.

ಮಣ್ಣಿನ ಗೋಡೆ ತೇವ ಹೀರಿದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಸಿಮೆಂಟ್ ಪದರ ಅದರ ಜೊತೆ ಹೊಂದಿಕೊಳ್ಳುವುದಿಲ್ಲ, ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡುತ್ತದೆ. ಆ ಬಿರುಕು ಮಳೆನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆವಿಯಾಗಿ ಹೊರಬರಲು ಮಾತ್ರ ಅಷ್ಟು ಸಂದು ಸಾಲುವುದಿಲ್ಲ. ನೀರು ಗೋಡೆಯೊಳಗೇ ಇಳಿದು ಬುಡದಲ್ಲಿ ನಿಲ್ಲುತ್ತದೆ. ನೆಲದಿಂದ ಏರುವ ತೇವವೂ ಹೊರಗೆ ಆರಲಾಗದೆ ಮೊದಲಿಗಿಂತ ಎತ್ತರಕ್ಕೆ ಹತ್ತಿ, ಮನೆಯ ಒಳಮೈಯಲ್ಲಿ ಆರುತ್ತದೆ. ಆರಿದಲ್ಲಿ ಲವಣ ಉಳಿಯುತ್ತದೆ, ನಿಮಗೆ ಕಾಣುತ್ತಿರುವ ಬಿಳಿ ಉಪ್ಪು ಅದೇ. ಒಣ ಜೇಡಿ ಹೊರುವ ಭಾರವನ್ನು ನೆನೆದ ಜೇಡಿ ಹೊರಲಾರದು, ಅದಕ್ಕೇ ಬುಡ ಉಬ್ಬಿದೆ. ಸಿಮೆಂಟ್ ಚಿಪ್ಪು ನೆಟ್ಟಗೇ ನಿಂತಿರುವುದರಿಂದ ಅದರ ಹಿಂದಿನ ಮಣ್ಣು ಕೆಸರಾಗಿದ್ದರೂ ಹೊರಗಿನವರಿಗೆ ತಿಳಿಯುವುದಿಲ್ಲ. ಇದರಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ ಇದೇ.

ಇದು ಹೊಸ ಪಾಠವೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದ ರಾಂಚೋಸ್ ದೆ ತಾವೋಸ್‌ನಲ್ಲಿ ಮಣ್ಣಿನಿಟ್ಟಿಗೆಯ ಹಳೆಯ ಚರ್ಚ್ ಒಂದಿದೆ. 1967ರಲ್ಲಿ ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಬಳಿದರು. ಒಳಗೆ ನೀರು ನಿಂತು ಗೋಡೆ ಹಾಳಾಗುತ್ತಿರುವುದು ಗೊತ್ತಾಗಿ 1979ರಲ್ಲಿ ಅಷ್ಟನ್ನೂ ಕಿತ್ತು ಮತ್ತೆ ಮಣ್ಣನ್ನೇ ಮೆತ್ತಿದರು. ಮಾಲಿ ದೇಶದ ಜೆನ್ನೆಯ ದೊಡ್ಡ ಮಸೀದಿ ಈಗಿನ ರೂಪದಲ್ಲಿ 1907ರದು. ಅಲ್ಲಿಯ ಜನ ವರ್ಷ ವರ್ಷವೂ ಸೇರಿ ಅದಕ್ಕೆ ಹೊಸ ಮಣ್ಣು ಮೆತ್ತುತ್ತಾರೆ. ಗೋಡೆ ಉಳಿಯಲಿ ಎಂದು ಲೇಪ ಸವೆಯುತ್ತದೆ, ಸವೆದದ್ದನ್ನು ತುಂಬುವುದು ಮನೆಯವರ ಕೆಲಸ. ಆದರೆ ಸೂರಿರುವ ಮನೆಯ ಪ್ಲಾಸ್ಟರ್ ಪ್ರತಿ ವರ್ಷವೂ ಸವೆಯುತ್ತಿತ್ತೆಂದರೆ ದೋಷ ಪ್ಲಾಸ್ಟರಿನದಲ್ಲ, ಸೂರಿನದು.

ಈಗ ಮಾಡಬೇಕಾದ್ದನ್ನು ಹೇಳುತ್ತೇನೆ. ಬೆರಳಿನ ಗೆಣ್ಣಿನಿಂದ ಗೋಡೆಯುದ್ದಕ್ಕೂ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ನಿಮ್ಮ ಗೋಡೆ ಉಬ್ಬಿರುವುದರಿಂದ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಚಾವಣಿಗೆ ಒಳಗಿನಿಂದ ಆಸರೆಯ ಕಂಬ ಕೊಡದೆ ಯಾರೂ ಸುತ್ತಿಗೆ ಎತ್ತಕೂಡದು. ಸಿಮೆಂಟ್ ಕೀಳುವುದು ಒಣಹವೆಯಲ್ಲೇ ಆಗಬೇಕು, ಮೊದಲು ಬುಡದ ಒಂದು ಮೀಟರ್, ಅದೂ ಸಣ್ಣ ಸಣ್ಣ ಭಾಗವಾಗಿ. ಜಾಲರಿಯನ್ನು ಎಳೆಯಬೇಡಿ, ಮೊಳೆಯ ಪಕ್ಕದಲ್ಲಿ ಕತ್ತರಿಸಿ. ಎಳೆದರೆ ಅದರ ಜೊತೆ ಮಣ್ಣಿನ ಹೆಂಟೆಗಳೂ ಕಿತ್ತು ಬರುತ್ತವೆ.

ಆಮೇಲೆ ಆರಲು ಬಿಡಿ. ಇದಕ್ಕೆ ವಾರಗಳು ಬೇಕು, ದಪ್ಪ ಗೋಡೆಯಾದರೆ ತಿಂಗಳುಗಳು. ಹೀಟರ್ ಇಟ್ಟು ಅವಸರಪಟ್ಟರೆ ಮೇಲ್ಮೈ ಬಿರಿಯುತ್ತದೆ, ಒಳಗಿನ ನೀರು ಒಳಗೇ ಇರುತ್ತದೆ. ಆರಿದ ಮೇಲೆ ಉದ್ದನೆಯ ಮೊಳೆಯೊಂದನ್ನು ಕೈಯಿಂದ ಒತ್ತಿ ನೋಡಿ. ಸಲೀಸಾಗಿ ಇಳಿದರೆ ಅಲ್ಲಿಯ ಮಣ್ಣು ಕೆಲಸಕ್ಕೆ ಬಾರದು, ತೆಗೆಯಬೇಕು. ಒಮ್ಮೆಗೆ 60 ಸೆಂ.ಮೀ.ಗಿಂತ ಉದ್ದ ತೆಗೆಯಬೇಡಿ. ಅದೇ ಜಾತಿಯ ಮಣ್ಣಿನಿಂದ ಮಾಡಿ ಪೂರ್ತಿ ಒಣಗಿಸಿಟ್ಟ ಇಟ್ಟಿಗೆಗಳನ್ನು ಮಣ್ಣಿನ ಗಾರೆಯಲ್ಲಿ ಬಿಗಿಯಾಗಿ ತುಂಬಿ, ಅದು ಗಟ್ಟಿಯಾದ ಮೇಲೆ ಪಕ್ಕದ ಭಾಗಕ್ಕೆ ಕೈಹಾಕಿ. ಗಟ್ಟಿಯಿರಲಿ ಎಂದು ಕಾಂಕ್ರೀಟ್ ತುಂಬಿದರೆ ಅದರ ಅಂಚಿನಲ್ಲೇ ತೇವ ಸೇರಿ ಪಕ್ಕದ ಮಣ್ಣನ್ನು ತಿನ್ನುತ್ತದೆ.

ಹೊಸ ಪ್ಲಾಸ್ಟರಿಗೆ ಮೊದಲು ನೀರಿನ ದಾರಿ ತಪ್ಪಿಸಿ. ಸೂರು ಗೋಡೆಯಿಂದ 60ರಿಂದ 90 ಸೆಂ.ಮೀ. ಹೊರಚಾಚಿರಬೇಕು. ಬುನಾದಿಯ ಕಲ್ಲುಕಟ್ಟಡ ನೆಲಮಟ್ಟದಿಂದ 45 ಸೆಂ.ಮೀ. ಮೇಲೆ ಬರಬೇಕು, ಏಕೆಂದರೆ ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಎರಚಲು ಆ ಎತ್ತರದ ತನಕ ಗೋಡೆಗೆ ಬಡಿಯುತ್ತದೆ. ಮನೆಯ ಸುತ್ತಲಿನ ನೆಲ ಹೊರಮುಖವಾಗಿ ಎರಡು ಮೀಟರಿಗೆ 10 ಸೆಂ.ಮೀ. ಇಳಿಜಾರಾಗಿರಲಿ. ಗೋಡೆಗೆ ತಾಗಿದಂತೆ ಹೂವಿನ ಪಾತಿ ಮಾಡಿದ್ದರೆ ಇಂದೇ ತೆಗೆಯಿರಿ. ದಿನವೂ ಆ ಪಾತಿಗೆ ಹಾಕುವ ನೀರು ಬುನಾದಿಗೇ ಹೋಗುತ್ತದೆ. ಇವಿಷ್ಟು ಆಗದ ಹೊರತು ಪ್ಲಾಸ್ಟರಿಗೆ ಹಣ ಸುರಿಯಬೇಡಿ.

ಪ್ಲಾಸ್ಟರ್ ಮಿಶ್ರಣದ ಅಳತೆ ಹೇಳಿ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಮಣ್ಣಿನಲ್ಲಿ ಜೇಡಿ ಎಷ್ಟಿದೆಯೆಂದು ತಿಳಿಯದೆ ಅಳತೆ ಹೇಳುವವರು ಮೋಸ ಮಾಡುತ್ತಿದ್ದಾರೆ. ಗೋಡೆಯ ಮೇಲೇ ಪರೀಕ್ಷೆ ಮಾಡಿ. 30 ಸೆಂ.ಮೀ. ಚೌಕದ ಮೂರು ತುಂಡು ಜಾಗ ಆರಿಸಿ, ಜರಡಿ ಹಿಡಿದ ಮಣ್ಣಿಗೆ ಒರಟು ಮರಳನ್ನು ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಮೂರು ಹೀಗೆ ಬೆರೆಸಿ, ಮೂರಕ್ಕೂ 3ರಿಂದ 5 ಸೆಂ.ಮೀ. ಕತ್ತರಿಸಿದ ಒಣಹುಲ್ಲನ್ನು ಒಂದೇ ಪ್ರಮಾಣದಲ್ಲಿ ಸೇರಿಸಿ. ಗೋಡೆಯ ಮೇಲ್ಮೈ ಗೀರಿ, ನೀರು ಚಿಮುಕಿಸಿ, ಒಂದೂವರೆ ಸೆಂ.ಮೀ. ದಪ್ಪಕ್ಕೆ ಮೆತ್ತಿ, ನೆರಳಲ್ಲಿ ಪೂರ್ತಿ ಆರಿದ ಮೇಲೆ ನೋಡಿ. ಬಿರುಕು ಬಿಟ್ಟಿದ್ದರೆ ಜೇಡಿ ಹೆಚ್ಚು, ಮರಳೋ ಹುಲ್ಲೋ ಸಾಲದು. ಅಂಗೈಯಿಂದ ಒರೆಸಿದಾಗ ಮರಳು ಉದುರಿದರೆ ಜೇಡಿ ಕಡಿಮೆ. ಬಿರುಕೂ ಇಲ್ಲದೆ, ಉದುರದೆ, ಹೆಬ್ಬೆರಳಿನಿಂದ ಒತ್ತಿದರೂ ಕುಳಿ ಬೀಳದೆ ನಿಂತದ್ದೇ ನಿಮ್ಮ ಮಿಶ್ರಣ. ಕಲಸಿದ್ದನ್ನು ಒಂದು ರಾತ್ರಿಯಾದರೂ ನೆನೆಯಲು ಬಿಟ್ಟು ಮಾರನೆಯ ದಿನ ಮತ್ತೆ ತುಳಿದು ಬಳಸಿ. ಜೇಡಿಯ ಗಂಟುಗಳು ಒಡೆಯಲು ಅಷ್ಟು ಹೊತ್ತು ಬೇಕು. ಮೊದಲ ಪದರ ಒಂದೂವರೆಯಿಂದ ಎರಡು ಸೆಂ.ಮೀ., ಆರಿದ ಮೇಲೆ ಎರಡನೆಯದು ಅದರರ್ಧ. ಕೊನೆಯದು 2–3 ಮಿ.ಮೀ., ಅದಕ್ಕೆ ನುಣ್ಣನೆಯ ಮರಳು ಮತ್ತು ಒಂದು ಸೆಂ.ಮೀ. ಒಳಗಿನ ಹುಲ್ಲು. ಬಿಸಿಲು ಬಡಿಯುವ ಗೋಡೆಗೆ ಒದ್ದೆ ಗೋಣಿ ಇಳಿಬಿಡಿ.

ಹೊರಗೋಡೆಗೆ ಇನ್ನಷ್ಟು ರಕ್ಷಣೆ ಬೇಕೆಂದರೆ ಸುಣ್ಣದ ತಿಳಿ ಬಳಿಯಬಹುದು. ಅದು ತೇವಕ್ಕೆ ದಾರಿ ಬಿಡುತ್ತದೆ. ಹಾಲಿನಷ್ಟು ತೆಳುವಾಗಿರಲಿ, ಪ್ರತಿ ಸಲ ಗೋಡೆ ತೇವ ಮಾಡಿ, ದಿನಕ್ಕೊಂದರಂತೆ ನಾಲ್ಕೈದು ಸಲ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದರೆ ಹಕ್ಕಳೆಯಾಗಿ ಉದುರುತ್ತದೆ. ಸುಟ್ಟ ಸುಣ್ಣ ನೀವೇ ಅರಳಿಸುವುದಾದರೆ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕವಿಲ್ಲದೆ ಹತ್ತಿರ ಹೋಗಬೇಡಿ. ಸುಣ್ಣ ಕಣ್ಣು ತೆಗೆಯುತ್ತದೆ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇನ್ನು ಮೊಟ್ಟೆ, ಬೆಲ್ಲ, ಗೊತ್ತಿಲ್ಲದ ಗಿಡದ ರಸ ಸೇರಿದ ‘ರಹಸ್ಯ ದ್ರಾವಣ’ ಮಾರುವವರ ವಿಷಯ. ಸಗಣಿ, ಹಿಟ್ಟಿನ ಅಂಟು, ಕೆಲವು ಸಸ್ಯಗಳ ಲೋಳೆ ಮಣ್ಣಿನ ಲೇಪವನ್ನು ಸ್ವಲ್ಪ ಗಟ್ಟಿ ಮಾಡುವುದು ನಿಜ. ಗಿಡ್ಡ ಸೂರನ್ನು ಉದ್ದ ಮಾಡುವ ದ್ರಾವಣ ಮಾತ್ರ ಎಲ್ಲೂ ಇಲ್ಲ. ಶೀಶೆಯಲ್ಲಿ ಏನಿದೆ ಎಂದು ಹೇಳದವರಿಂದ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಇಳಿಜಾರಿನಲ್ಲಿ ಮನೆಯ ಮೇಲ್ಭಾಗಕ್ಕೆ ಮಳೆನೀರು ಇಂಗಿಸಲು ಸಮಪಾತಳಿ ಕಂದಕ (ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ತೋಡು) ತೋಡಬೇಕೆಂದಿದ್ದೇವೆ. ಎಷ್ಟು ಆಳ ಬೇಕು?

ಮನೆಯ ಮೇಲ್ಭಾಗಕ್ಕೆ ತೋಡಲೇಬೇಡಿ. ಇಂಗಿದ ನೀರು ನಿಮ್ಮ ಬುನಾದಿಗೇ ಬರುತ್ತದೆ. ಅಲ್ಲಿ ಬೇಕಾದ್ದು ನೀರನ್ನು ಪಕ್ಕಕ್ಕೆ ಸಾಗಿಸುವ ಬಸಿಗಾಲುವೆ. ಬೇರೆ ಕಡೆಯೂ ಇಳಿಜಾರು 15 ಡಿಗ್ರಿ ದಾಟಿದ್ದರೆ, ಅಥವಾ ನೆಲ ಜಾರಿದ ಗುರುತಿದ್ದರೆ ಕಂದಕ ಬೇಡ, ಮರ ನೆಡಿ. ತೋಡುವಲ್ಲಿ ಕೋಡಿಯ ಜಾಗವನ್ನು ಮೊದಲು ಗುರುತು ಮಾಡಿ, ಅದಕ್ಕೆ ಕಲ್ಲು ಹಾಸಿ. ಕೋಡಿಯಿಲ್ಲದ ಕಂದಕ ದೊಡ್ಡ ಮಳೆಗೆ ತನಗಿಷ್ಟ ಬಂದ ಕಡೆ ಒಡೆಯುತ್ತದೆ.

ಪ್ರಶ್ನೆ: ಕಾಂಪೋಸ್ಟ್ ಬೇಗ ಆಗಲು ಯಾವ ಪುಡಿ ಹಾಕಬೇಕು?

ಯಾವುದೂ ಬೇಡ. ಒಣ ಎಲೆ, ಹುಲ್ಲಿನ ಪ್ರಮಾಣ ಹೆಚ್ಚಿಸಿ, ರಾಶಿಯನ್ನು ಒಂದು ಘನ ಮೀಟರಿಗೆ ಏರಿಸಿ, ಹಿಂಡಿದರೆ ಒಂದೆರಡು ಹನಿಯಷ್ಟೇ ಬರುವ ಹಾಗೆ ತೇವ ಇಡಿ.

ಪ್ರಶ್ನೆ: ಮಣ್ಣಿನ ಮನೆ ಭೂಕಂಪ ತಡೆಯುತ್ತದೆ ಎನ್ನುತ್ತಾರೆ, ನಿಜವೇ?

ಹಾಗೆನ್ನುವವರಿಗೆ 2003ರ ಡಿಸೆಂಬರ್‌ನ ಭೂಕಂಪದಲ್ಲಿ ಇರಾನಿನ ಬಾಮ್ ನಗರಕ್ಕೆ ಏನಾಯಿತೆಂದು ಕೇಳಿ. ಬಲವರ್ಧನೆಯಿಲ್ಲದ ಮಣ್ಣಿನಿಟ್ಟಿಗೆ ಭೂಕಂಪಕ್ಕೆ ಕುಸಿಯುತ್ತದೆ, ಜನ ಸಾಯುತ್ತಾರೆ. ಸರಿಯಾಗಿ ಕಟ್ಟುವ ವಿಧಾನವಿದೆ. ನ್ಯೂಜಿಲೆಂಡ್ 1998ರಲ್ಲೇ ಮಣ್ಣಿನ ಕಟ್ಟಡಗಳಿಗೆಂದು ಮಾನದಂಡಗಳನ್ನು ಹೊರತಂದಿತು. ಅದನ್ನು ಬಲ್ಲ ಎಂಜಿನಿಯರ್ ಬೇಕು. 72 ಗಂಟೆಗಳ ಪರ್ಮಾಕಲ್ಚರ್ (ಪ್ರಕೃತಿಯ ರೀತಿಯನ್ನು ಅನುಸರಿಸುವ ಸುಸ್ಥಿರ ಕೃಷಿ, ಬದುಕಿನ ಪದ್ಧತಿ) ವಿನ್ಯಾಸ ಕೋರ್ಸ್ ಮುಗಿಸಿದವರಿಂದ ಗೋಡೆಯ ಲೆಕ್ಕಾಚಾರ ಮಾಡಿಸಬೇಡಿ.

ಪ್ರಶ್ನೆ: ಒಣಹುಲ್ಲು ಬೆರೆಸಿದರೆ ಗೆದ್ದಲು ಬರುವುದಿಲ್ಲವೇ?

ತೇವವಿದ್ದರೆ ಬರುತ್ತದೆ. ಬುನಾದಿಯ ಕಲ್ಲು ಕಣ್ಣಿಗೆ ಕಾಣುವಂತಿರಲಿ, ಗೆದ್ದಲ ಮಣ್ಣಿನ ಗೆರೆ ಕಂಡ ದಿನವೇ ಕೆರೆದು ತೆಗೆಯಿರಿ.

ಪ್ರಶ್ನೆ: ಸಾವಯವ ಹೊಲವೊಂದರಲ್ಲಿ ಒಂದು ತಿಂಗಳು ಸ್ವಯಂಸೇವಕಿಯಾಗಿ ದುಡಿದು ಮಣ್ಣಿನ ಕಟ್ಟಡ ಕಲಿಯಬೇಕೆಂದಿದ್ದೇನೆ. ಏನೇನು ವಿಚಾರಿಸಬೇಕು?

1971ರಲ್ಲಿ ಇಂಗ್ಲೆಂಡಿನಲ್ಲಿ ಸ್ಯೂ ಕಾಪರ್ಡ್ ಶುರುಮಾಡಿದ, ಸಾವಯವ ಹೊಲಗಳಿಗೂ ಸ್ವಯಂಸೇವಕರಿಗೂ ನಂಟು ಬೆಸೆಯುವ ವೂಫ್ (WWOOF) ಜಾಲದ ವಾಡಿಕೆ ಸರಳ: ದಿನಕ್ಕೆ 4ರಿಂದ 6 ಗಂಟೆ ಕೆಲಸ, ಪ್ರತಿಯಾಗಿ ಊಟ, ವಸತಿ, ಕಲಿಕೆ. ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ ರಜೆ, ಮಲಗುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ನೀವಿರುವ ತಿಂಗಳಲ್ಲಿ ಕಟ್ಟಡದ ಯಾವ ಹಂತ ನಡೆಯುತ್ತದೆ, ಈ ನಾಲ್ಕನ್ನೂ ಬರಹದಲ್ಲಿ ತರಿಸಿಕೊಳ್ಳಿ. ಕೊನೆಯದನ್ನು ಕೇಳದೆ ಹೋದವರು ತಿಂಗಳಿಡೀ ಕಳೆ ಕಿತ್ತು ವಾಪಸಾಗುತ್ತಾರೆ. ಉತ್ತರ ಕೊಡಲು ಬೇಸರಪಡುವ ಹೊಲಕ್ಕೆ ಹೋಗಬೇಡಿ. ಹೊರದೇಶವಾದರೆ ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಅವಕಾಶವಿದೆಯೇ ಎಂದು ಆ ದೇಶದ ರಾಯಭಾರ ಕಚೇರಿಯನ್ನೇ ಕೇಳಿ. ಎಷ್ಟೋ ದೇಶಗಳಲ್ಲಿ ಅದೂ ಉದ್ಯೋಗವೆಂದೇ ಲೆಕ್ಕ. ಮಣ್ಣು ತುಳಿಯುವಾಗ ಗಾಜು, ಮೊಳೆ, ಚೂಪುಗಲ್ಲು ಕಾಲಿಗೆ ಸಿಗುತ್ತವೆ. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡೇ ಹೊರಡಿ.