ನೆಲದ ಮೇಲಿನ ಸ್ಕ್ರೂ ಪೈಲ್ ಲೆಕ್ಕವನ್ನೇ ಹಿಗ್ಗಿಸಿದರೆ ಕಡಲ ಗಾಳಿಯಂತ್ರಕ್ಕೆ ಸಾಕೇ?

ಸೌರ ಫಲಕಗಳಿಗೆ ಸ್ಕ್ರೂ ಪೈಲ್, ಅಂದರೆ ಉಕ್ಕಿನ ಕೊಳವೆಗೆ (ಶಾಫ್ಟ್) ತಿರುಪಿನಂಥ ತಟ್ಟೆ (ಹೀಲಿಕ್ಸ್) ಬೆಸೆದು ನೆಲದೊಳಗೆ ತಿರುಗಿಸಿ ಇಳಿಸುವ ಅಡಿಪಾಯದ ಕಂಬ, ವಿನ್ಯಾಸ ಮಾಡಿದ ಅನುಭವ ನಿಮಗಿದೆ. ಈಗ ಕಡಲಲ್ಲಿ ಗಾಳಿಯಂತ್ರ ಹೊರುವ ನಾಲ್ಕು ಕಾಲಿನ ಉಕ್ಕಿನ ಚೌಕಟ್ಟಿಗೆ (ಜಾಕೆಟ್) ಅದೇ ಟಾರ್ಕ್ ಸೂತ್ರ, ಅಂದರೆ ತಿರುಗಿಸಲು ಬೇಕಾದ ತಿರುಚು ಬಲದಿಂದ ಪೈಲಿನ ಸಾಮರ್ಥ್ಯ ಅಂದಾಜಿಸುವ ಸೂತ್ರ, ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬೇಡಿ. ನೆಲದ ಮೇಲೆ ಮೊದಲು ಪೈಲ್ ಎಷ್ಟು ಹೊರುತ್ತದೆಂದು ನೋಡಿ, ಆಮೇಲೆ ಯಂತ್ರ ಹುಡುಕುತ್ತೇವೆ. ಕಡಲಲ್ಲಿ ಅದನ್ನು ತಿರುಗಿಸಿ ಇಳಿಸಲಾಗುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.

ಹೊರೆಯ ಅಂದಾಜು ಸಿಗಲು ಒಂದು ಒರಟು ಲೆಕ್ಕ ಮಾಡೋಣ. ಗಾಳಿಯ ತಳ್ಳು 2 ಮೆಗಾನ್ಯೂಟನ್, ಅದು ಕಡಲತಳದಿಂದ 150 ಮೀಟರ್ ಎತ್ತರದಲ್ಲಿ ಬೀಳುತ್ತದೆ ಎಂದುಕೊಳ್ಳಿ. ಅಲೆಯನ್ನು ಸದ್ಯಕ್ಕೆ ಬದಿಗಿಡಿ. ಉರುಳಿಸುವ ಮೊಮೆಂಟ್ (ಬಲ ಗುಣಿಸು ಎತ್ತರ) 300 ಮೆಗಾನ್ಯೂಟನ್-ಮೀಟರ್. ಕಾಲುಗಳ ನಡುವೆ 25 ಮೀಟರ್ ಇದ್ದು ಗಾಳಿ ಮೂಲೆಯಿಂದ ಮೂಲೆಗೆ ಬೀಸಿದರೆ, ಕರ್ಣದ ಉದ್ದ 35.4 ಮೀಟರ್, ಒಂದು ಕಾಲಿಗೆ ಸುಮಾರು 8.5 ಮೆಗಾನ್ಯೂಟನ್ ಮೇಲ್ಮುಖ ಎಳೆತ, ಎದುರು ಕಾಲಿಗೆ ಅಷ್ಟೇ ಒತ್ತಡ. ಪ್ರತಿ ಕಾಲಿನ ಪಾಲಿಗೆ 3 ಮೆಗಾನ್ಯೂಟನ್ ಸ್ವಂತ ತೂಕ ಬಂದರೆ, ಎಳೆತ 5.5, ಒತ್ತಡ 11.5. ಗಾಳಿ ಯಾವ ದಿಕ್ಕಿನಿಂದಲಾದರೂ ಬರಬಹುದಾದ್ದರಿಂದ ಪ್ರತಿ ಪೈಲೂ ಎರಡನ್ನೂ ತಾಳಬೇಕು. ಸುರಕ್ಷತಾ ಗುಣಕಗಳು ಇದರ ಮೇಲೆ.

ಇನ್ನು ನಿಮ್ಮ ಸೂತ್ರ. ಎಳೆತದ ಸಾಮರ್ಥ್ಯ ಎಂದರೆ ಟಾರ್ಕ್ ಗುಣಿಸು ಕೆ-ಟಿ ಎಂಬ ಗುಣಕ ಅನ್ನುವ ನಂಬಿಕೆಗೆ ಆಧಾರ 1989ರ ಹೋಯ್ಟ್ ಮತ್ತು ಕ್ಲೆಮೆನ್ಸ್ ಅವರ ಎಳೆತ ಪರೀಕ್ಷೆಗಳ ಸಂಗ್ರಹ. ಅಲ್ಲಿ 89 ಮಿಲಿಮೀಟರ್ ದುಂಡು ಶಾಫ್ಟ್‌ಗೆ ಕೆ-ಟಿ ಮೀಟರಿಗೆ 23, 219 ಮಿಲಿಮೀಟರಿಗೆ 9.8. ಶಾಫ್ಟ್ ದಪ್ಪವಾದಂತೆ ಗುಣಕ ಹೇಗೆ ಕುಸಿಯುತ್ತದೆ ನೋಡಿ. ನಿಮಗೆ ಬೇಕಾಗುವುದು ಅದರ ನಾಲ್ಕು ಪಟ್ಟು ದಪ್ಪದ ಶಾಫ್ಟ್. ಅಲ್ಲಿಯವರೆಗೆ ಗೆರೆ ಎಳೆದು ಸಂಖ್ಯೆ ಓದಿಕೊಳ್ಳುವುದು ಎಂಜಿನಿಯರಿಂಗ್ ಅಲ್ಲ. ಸಿಪಿಟಿಯ (ಶಂಕುವಿನ ತುದಿಯ ಕಡ್ಡಿಯನ್ನು ಮಣ್ಣಿಗೆ ಒತ್ತಿ ಮಾಡುವ ಪರೀಕ್ಷೆ) ತುದಿ ಪ್ರತಿರೋಧದಿಂದ ಶಾಫ್ಟ್, ತುದಿ, ಹೀಲಿಕ್ಸ್ ಮೂರರ ಟಾರ್ಕ್ ಬೇರೆಬೇರೆಯಾಗಿ ತೆಗೆಯಿರಿ. ಬಂದ ಉತ್ತರವನ್ನು ಉಕ್ಕಿನ ಮಿತಿಗೆ ಹಿಡಿದು ನೋಡಿ: 880 ಮಿಲಿಮೀಟರ್ ವ್ಯಾಸ, 50 ಮಿಲಿಮೀಟರ್ ಗೋಡೆ, 355 ದರ್ಜೆಯ ಉಕ್ಕು ಇದ್ದರೆ ಸುಮಾರು 10.5 ಮೆಗಾನ್ಯೂಟನ್-ಮೀಟರಿಗೆ ಕೊಳವೆ ಶುದ್ಧ ತಿರುಚಿನಲ್ಲೇ ಯೀಲ್ಡ್ ಆಗುತ್ತದೆ, ಅಂದರೆ ಮತ್ತೆ ಮೊದಲಿನಂತಾಗದ ಹಾಗೆ ತಿರುಚಲು ತೊಡಗುತ್ತದೆ. ಹಡಗಿನ ಮೇಲಿನ ಯಂತ್ರ ಎಷ್ಟು ಕೊಡಬಲ್ಲದು ಎಂಬುದು ಬೇರೆ ಮಿತಿ.

ಟಾರ್ಕ್‌ಗಿಂತಲೂ ಹೆಚ್ಚು ನಿದ್ದೆಗೆಡಿಸುವುದು ಮೇಲಿನಿಂದ ಒತ್ತಬೇಕಾದ ಬಲ. ಒಂದು ಸುತ್ತು ತಿರುಗಿದಾಗ ಒಂದು ಪಿಚ್‌ನಷ್ಟು (ಒಂದು ಸುತ್ತಿನಲ್ಲಿ ತಿರುಪು ಏರುವ ಅಂತರ) ಇಳಿಸಬೇಕೆಂದು ಕಲಿತಿರುತ್ತೀರಿ. ದಟ್ಟ ಮರಳಿನಲ್ಲಿ ದೊಡ್ಡ ಪೈಲನ್ನು ಹಾಗೆ ಇಳಿಸಲು ಬೇಕಾಗುವ ಭಾರಕ್ಕೆ ತೇಲುವ ಹಡಗಿನಿಂದ ಆಸರೆ ಪಡೆಯುವುದು ಬಹಳ ಕಷ್ಟ. ನಾನು ಬಣ್ಣದ ಮರಳಿನ ಪದರಗಳಿದ್ದ ಪೆಟ್ಟಿಗೆಯಲ್ಲಿ ಪೈಲಿನ ಸಣ್ಣ ಮಾದರಿಯನ್ನು ನಿಧಾನವಾಗಿ ತಿರುಗಿಸಿ ಇಳಿಸಿ, ಆಮೇಲೆ ಮರಳನ್ನು ಸೀಳಿ ನೋಡಿದ್ದೇನೆ. ಪ್ರತಿ ಸುತ್ತಿನಲ್ಲಿ ಪಿಚ್‌ಗಿಂತ ಕಡಿಮೆ ಇಳಿಸಿದಾಗ ಕೆಂಪು ಪದರ ಹೀಲಿಕ್ಸ್‌ನ ಮೇಲೆ ಗುಡ್ಡೆಯಂತೆ ಉಬ್ಬಿತು. ಮೇಲೇರಲು ಹೊರಟ ಮರಳು ಸುತ್ತಲಿನ ಮರಳಿಗೆ ತಾಗಿ, ಹೀಲಿಕ್ಸನ್ನೇ ಕೆಳಕ್ಕೆ ಅದುಮುತ್ತದೆ. ಒತ್ತುವ ಬಲ ತಗ್ಗುತ್ತದೆ, ಪೈಲ್ ತಾನೇ ಒಳಗೆಳೆದುಕೊಳ್ಳುವುದೂ ಉಂಟು. ಮೇಲಿನ ಮರಳು ಮೊದಲೇ ಬಿಗಿಯಾಗಿರುವುದರಿಂದ ಎಳೆತದಲ್ಲಿ ಹಿಡಿತ ಚೆನ್ನಾಗಿರುತ್ತದೆ. ಆದರೆ ಕೆಳಗಿನ ಮರಳು ಸಡಿಲಗೊಂಡು ಒತ್ತಡದ ಸಾಮರ್ಥ್ಯ ಇಳಿಯುತ್ತದೆ. ಮೇಲಿನ 11.5 ನೆನಪಿದೆಯಲ್ಲ? ಪ್ರತಿ ಸುತ್ತಿನಲ್ಲಿ ಎಷ್ಟು ಇಳಿಸುತ್ತೀರಿ ಎಂಬುದನ್ನು ನಕ್ಷೆಯಲ್ಲೇ ಬರೆದಿಡಿ. ಸ್ಥಳದಲ್ಲಿ ಆಪರೇಟರ್ ತೀರ್ಮಾನಿಸುವ ವಿಷಯ ಅದಲ್ಲ.

ಅಡ್ಡ ಬಲವನ್ನು ಹೀಲಿಕ್ಸ್ ಹೊರುವುದಿಲ್ಲ, ಮೇಲಿನ ಶಾಫ್ಟ್ ಮತ್ತು ಅದರ ಸುತ್ತಲ ಮಣ್ಣು ಹೊರುತ್ತದೆ. ನೀರಿನ ಕೊರೆತದಿಂದ ಆ ಮಣ್ಣು ಹೋದರೆ ಲೆಕ್ಕ ಬದಲು. ಆದ್ದರಿಂದ ಮೇಲ್ಭಾಗ ದಪ್ಪ, ಕೆಳಭಾಗ ಸಣ್ಣ ಇರುವ ಪೈಲನ್ನೂ ಪರಿಶೀಲಿಸಿ.

ಇಷ್ಟೆಲ್ಲ ಕಷ್ಟ ಏಕೆ ಎನ್ನಿಸಿದರೆ, ಸದ್ದು ನೋಡಿ. ಜರ್ಮನಿಯಲ್ಲಿ ಪೈಲ್ ಬಡಿಯುವಾಗ 750 ಮೀಟರ್ ದೂರದಲ್ಲಿ ಪ್ರತಿ ಪೆಟ್ಟಿನ ಸದ್ದು 160 ಡೆಸಿಬೆಲ್ ಮೀರಬಾರದೆಂಬ ಮಿತಿಯಿದೆ, ಡಾಲ್ಫಿನ್‌ನಂಥ ಕಡಲ ಸಸ್ತನಿಗಳಾದ ಪೋರ್ಪಾಯ್ಸ್‌ಗಳ ಕಿವಿ ಉಳಿಯಲೆಂದು. ತಿರುಗಿಸಿ ಇಳಿಸುವ ಪೈಲಿಗೆ ಸುತ್ತಿಗೆಯೇ ಬೇಡ. ಈ ಉಪಾಯ ಹೊಸದೂ ಅಲ್ಲ: ಕಣ್ಣು ಕಾಣದ ಐರಿಶ್ ಎಂಜಿನಿಯರ್ ಅಲೆಕ್ಸಾಂಡರ್ ಮಿಚೆಲ್ 1833ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1838ರಲ್ಲಿ ಥೇಮ್ಸ್ ಕಡಲ ಸೇರುವೆಡೆಯ ಮ್ಯಾಪ್ಲಿನ್ ಮರಳದಿಬ್ಬದಲ್ಲಿ ತೆಪ್ಪದ ಮೇಲೆ ನಿಂತ ಆಳುಗಳು ಗಾಣದೆತ್ತುಗಳ ಹಾಗೆ ಸುತ್ತಿ, 4 ಅಡಿ ಅಗಲದ ತಿರುಪುಗಳನ್ನು ದೀಪಸ್ತಂಭಕ್ಕಾಗಿ ಇಳಿಸಿದರು.

ನಿಮ್ಮ ಸ್ಥಳದ ಸಿಪಿಟಿ ನಕ್ಷೆ ಮತ್ತು ಯಂತ್ರದ ಗರಿಷ್ಠ ಟಾರ್ಕ್ ಇಲ್ಲಿ ಹಾಕಿ, ಹೀಲಿಕ್ಸ್ ವ್ಯಾಸವನ್ನು ಒಟ್ಟಿಗೆ ಲೆಕ್ಕ ಹಾಕಿ ನೋಡೋಣ.